ನೋಟಿನ ಮೇಲಿನ ಮುಖ

ಕಳೆದ ದೀಪಾವಳಿಗೆ ನನ್ನ ಸೋದರಳಿಯನು ಸಿಡ್ನಿ ನಗರದಿಂದ ಬಂದಿದ್ದನು. ಹಿಂದಿರುಗುವ ದಿನ, ನೆನಪಿಗಿರಲೆಂದು, ಅಲ್ಲಿಯ ಇಪ್ಪತ್ತು ಡಾಲರಿನ ನೋಟೊಂದನ್ನು ನನ್ನ ಕೈಯಲ್ಲಿಟ್ಟನು. ಅದರ ಮೇಲೆ ಕನ್ನಡಕ ಧರಿಸಿ ತಲೆಗೆ ಕುಲಾವಿ ತೊಟ್ಟ ಹಿರಿಯ ಹೆಂಗಸೊಬ್ಬಳ ಚಿತ್ರ. "ಯಾರಪ್ಪ ಈಕೆ? ಅವರ ರಾಣಿಯೆ?" ಎಂದೆನು. "ಅಲ್ಲ ಮಾವ, ಕುದುರೆ ಕದ್ದು ಸಿಕ್ಕಿಬಿದ್ದವಳು" ಎಂದು ಅವನು ನಕ್ಕನು. ಹಾಸ್ಯವೆಂದು ಭಾವಿಸಿದೆನು. ಅಲ್ಲವೆಂದು ಆಮೇಲೆ ಓದಿ ತಿಳಿದೆನು.

ಕರಿನೀರಿನ ಶಿಕ್ಷೆಯೆಂದರೆ ನಮಗೆ ಅಂಡಮಾನ್ ನೆನಪಾಗುವುದು ಸಹಜ. ಅಂಡಮಾನಿನ ಸೆರೆನೆಲೆಗಿಂತ ಎಪ್ಪತ್ತು ವರ್ಷ ಹಿಂದೆಯೇ ಆಂಗ್ಲರು ತಮ್ಮ ಜನರನ್ನೇ ಆಸ್ಟ್ರೇಲಿಯಕ್ಕೆ ಸಾಗಿಸತೊಡಗಿದ್ದರು. 1788ರಿಂದ 1868ರವರೆಗೆ ಹೀಗೆ ಹಡಗೇರಿದವರು ಸುಮಾರು 1,62,000 ಮಂದಿ. ಅವರಲ್ಲಿ ಹೆಚ್ಚಿನವರ ಅಪರಾಧ ಕಳವು.

ಈ ಹೆಂಗಸಿನ ಹೆಸರು ಮೇರಿ. 1777ರಲ್ಲಿ ಲ್ಯಾಂಕಷೈರಿನ ಬರಿ ಎಂಬ ಊರಿನಲ್ಲಿ ಹುಟ್ಟಿ, ತಂದೆ ತಾಯಿಗಳನ್ನು ಕಳೆದುಕೊಂಡು, ಅಜ್ಜಿಯ ಆಶ್ರಯದಲ್ಲಿ ಬೆಳೆದಳು. ಹದಿಮೂರನೆಯ ವಯಸ್ಸಿನಲ್ಲಿ ಹುಡುಗನ ಉಡುಪು ತೊಟ್ಟು, ಜೇಮ್ಸ್ ಬರೋ ಎಂದು ಹೆಸರಿಟ್ಟುಕೊಂಡು ತಿರುಗುತ್ತಿದ್ದಾಗ ಕುದುರೆಯ ಕಳವಿಗಾಗಿ ಸೆರೆಸಿಕ್ಕಳು. ಆ ಕಾಲದ ಕಾನೂನಿನಂತೆ ಇದಕ್ಕೆ ನೇಣನ್ನೂ ವಿಧಿಸಬಹುದಾಗಿತ್ತು. 1790ರ ಜುಲೈಯಲ್ಲಿ ಸ್ಟಾಫರ್ಡ್ ನಗರದ ನ್ಯಾಯಾಲಯ ಏಳು ವರ್ಷದ ದ್ವೀಪಾಂತರವಾಸ ವಿಧಿಸಿತು. ಅಪರಾಧಿ ಹುಡುಗನಲ್ಲ, ಹುಡುಗಿ ಎಂಬುದೂ ಹೊರಬಿದ್ದಿತು!

1792ರ ಅಕ್ಟೋಬರಿನಲ್ಲಿ ಹಡಗು ಸಿಡ್ನಿ ಸೇರಿತು. ದಡಕ್ಕಿಳಿಯುವ ಮುನ್ನ ತನ್ನ ಚಿಕ್ಕಮ್ಮನಿಗೆ ಅವಳು ಬರೆದ ಕಾಗದವೊಂದು ಇಂದಿಗೂ ಉಳಿದಿದೆ. ಎರಡು ಮೂರು ವರ್ಷದಲ್ಲಿ ಹೇಗಾದರೂ ಹಿಂದಿರುಗುವೆನೆಂಬ ಆಸೆ ಅದರಲ್ಲಿದೆ. ಹಿಂದಿರುಗಲು ಇಪ್ಪತ್ತೆಂಟು ವರ್ಷ ಬೇಕಾಯಿತು.

ಮೊದಲು ಸೇನಾಧಿಕಾರಿಯೊಬ್ಬನ ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡಳು. 1794ರಲ್ಲಿ ಥಾಮಸ್ ರೀಬಿ ಎಂಬ ನಾವಿಕನನ್ನು ಮದುವೆಯಾದಳು. ದಂಪತಿಗಳು ಹಾಕ್ಸ್‌ಬರಿ ನದಿಯ ದಂಡೆಯಲ್ಲಿ ಬೇಸಾಯ ಹೂಡಿ, ದೋಣಿಗಳಲ್ಲಿ ಧಾನ್ಯ ಸಾಗಿಸಿ, ಕ್ರಮೇಣ ಸಮುದ್ರ ವ್ಯಾಪಾರಕ್ಕೆ ಕೈಹಾಕಿದರು. ಆ ದಂಡೆ ತಲೆತಲಾಂತರದಿಂದ ದಾರುಗ್ ಜನರದು. ಒಂದು ಕುದುರೆ ಕದ್ದವಳಿಗೆ ಕಳ್ಳಿಯೆಂಬ ಹೆಸರು ಬಂದಿತು. ಒಂದು ನಾಡನ್ನೇ ಕಸಿದುಕೊಂಡು ಹಂಚಿದವರನ್ನು ಸರಕಾರವೆಂದು ಕರೆದರು.

1811ರಲ್ಲಿ ಗಂಡ ತೀರಿಕೊಂಡನು. ಏಳು ಮಕ್ಕಳನ್ನೂ ಹಡಗುಗಳನ್ನೂ ಮಳಿಗೆಯನ್ನೂ ಆಕೆ ಒಬ್ಬಳೇ ನಿರ್ವಹಿಸಿದಳು, ಬೆಳೆಸಿದಳು. 1817ರಲ್ಲಿ ಆ ನಾಡಿನ ಮೊದಲ ಬ್ಯಾಂಕು ಆರಂಭವಾದುದು ಆಕೆಯ ಮನೆಯೊಂದರಲ್ಲಿಯೇ. ಕಳ್ಳಿಯ ಮನೆಯಲ್ಲಿ ಊರಿನ ಹಣ! 1820ರಲ್ಲಿ ಇಬ್ಬರು ಹೆಣ್ಣುಮಕ್ಕಳೊಡನೆ ಇಂಗ್ಲೆಂಡಿಗೆ ಹೋಗಿ, ಹುಟ್ಟಿದ ಸೀಮೆಯ ಜನರ ಆದರವನ್ನು ಪಡೆದು, ಮರುವರ್ಷ ಮರಳಿದಳು.

ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಈ ವೈಭವವಲ್ಲ. 1828ರ ಜನಗಣತಿಯಲ್ಲಿ ಆಕೆ ಕೊಟ್ಟ ವಿವರ ಇದು: 1821ರಲ್ಲಿ ಸ್ವತಂತ್ರಳಾಗಿ ಬಂದವಳು. ಸುಳ್ಳೆನ್ನಲಾಗದು, ಆ ವರ್ಷ ಆಕೆ ಬಂದುದೂ ನಿಜ, ಸ್ವತಂತ್ರಳಾಗಿದ್ದುದೂ ನಿಜ. ಆದರೆ ಮೊದಲ ಸಲ ಬಂದ ಆ ಹುಡುಗಿ ಲೆಕ್ಕದಲ್ಲಿ ಇಲ್ಲ. ಏಳು ವರ್ಷದ ಶಿಕ್ಷೆ ಮುಗಿದು ಮೂವತ್ತು ವರ್ಷ ಕಳೆದಿದ್ದರೂ ಅದು ಮುಗಿದಿರಲಿಲ್ಲ.

ಇದನ್ನು ಓದಿದಾಗ ನನಗೆ ಇನ್ನೊಬ್ಬನ ನೆನಪಾಯಿತು. ನಾನು ಬಾಲಕನಾಗಿದ್ದಾಗ ನಮ್ಮ ಮನೆಯಲ್ಲಿ ದನ ಕಾಯುವ ಹುಡುಗನೊಬ್ಬನಿದ್ದನು. ಅವನಿಗೂ ಹದಿಮೂರೋ ಹದಿನಾಲ್ಕೋ ವಯಸ್ಸು. ಬಾವಿಕಟ್ಟೆಯ ಮೇಲಿನ ತಾಮ್ರದ ತಂಬಿಗೆಯನ್ನು ಅವನು ಕಂಬಳಿಯಲ್ಲಿ ಸುತ್ತಿಕೊಂಡುದನ್ನು ಕಂಡವನು ನಾನು; ತಂದೆಯವರಿಗೆ ಹೇಳಿದವನೂ ನಾನೇ. ಆ ಸಂಜೆಯೇ ಅವನನ್ನು ಹೊರಗಟ್ಟಿದರು. ಬಹುಕಾಲದ ಮೇಲೆ ದೂರದೂರಿನ ಸಂತೆಯಲ್ಲಿ ಜವಳಿಯಂಗಡಿ ಇಟ್ಟಿದ್ದವನನ್ನು ಗುರುತಿಸಿ, ಸಂತೋಷದಿಂದ ಹೆಸರು ಹಿಡಿದು ಕೂಗಿದೆನು. ಪಕ್ಕದಲ್ಲಿ ಅವನ ಮಗನಿದ್ದನು. ಅವನು ಒಂದು ಕ್ಷಣ ನನ್ನನ್ನು ನೋಡಿ, "ತಮಗೆ ತಪ್ಪು ತಿಳಿವಳಿಕೆ ಸ್ವಾಮಿ, ನಾನು ಆ ಕಡೆಯವನಲ್ಲ" ಎಂದನು. ನಾನು ಅಸಮಾಧಾನದಿಂದಲೇ ಮನೆಗೆ ಬಂದೆನು. ಹಳೆಯ ಬುದ್ಧಿ ಹೋಗಿಲ್ಲ, ಇನ್ನೂ ಸುಳ್ಳಾಡುವನೆಂದು ಮನೆಯವರೊಡನೆ ಹೇಳಿಯೂ ಹೇಳಿದೆನು.

ಮೇರಿ ರೀಬಿ 1855ರಲ್ಲಿ ತೀರಿಕೊಂಡಳು. ಆಕೆ ಮರೆಮಾಡಿದ ಕಥೆ ಇಂದು ಆ ದೇಶಕ್ಕೆ ಹೆಮ್ಮೆಯದಾಗಿದೆ. 1994ರಿಂದ ಆಕೆಯ ಮುಖ ನೋಟಿನ ಮೇಲಿದೆ. ನಮ್ಮ ಹುಡುಗನಿಗೆ ನೋಟು ಬೇಕಿರಲಿಲ್ಲ. ಮಗನ ಮುಂದೆ ನಾನು ಅವನನ್ನು ಗುರುತಿಸದಿದ್ದರೆ ಸಾಕಾಗಿತ್ತು.