ಜೋಲಾರಪೇಟೆಯ ತಾಯಿ

ಬೆಂಗಳೂರಿನಿಂದ ಚೆನ್ನೈಗೆ ರೈಲಿನಲ್ಲಿ ಹೋದವರಿಗೆಲ್ಲ ಜೋಲಾರಪೇಟೆ ಗೊತ್ತಿರುತ್ತದೆ. ಬಂಗಾರಪೇಟೆ, ಕುಪ್ಪಂ ದಾಟಿದ ಮೇಲೆ ನಮ್ಮ ಕಡೆಯ ಹಳಿ ಸೇಲಂ ಕಡೆಯ ಹಳಿಯನ್ನು ಕೂಡಿಕೊಳ್ಳುವ ಜಂಕ್ಷನ್ ಅದು. ಅಲ್ಲಿ ಇಳಿದು ಊರೊಳಗೆ ಹೋಗಿ ನೋಡಿದವರು ಕಡಿಮೆ. ಆ ಊರಿನ ಅರ್ಪುತಮ್ಮಾಳ್ ಎಂಬ ಗೃಹಿಣಿಯನ್ನು 1991ರ ವರೆಗೆ ನೆರೆಹೊರೆಯವರು ಬಿಟ್ಟರೆ ಬೇರೆ ಯಾರೂ ಬಲ್ಲವರಲ್ಲ. ಪತಿ ಕುಯಿಲ್‌ದಾಸನ್ ಶಾಲಾ ಮೇಷ್ಟ್ರು. ಪೆರಿಯಾರ್ ವಿಚಾರಗಳನ್ನು ನಂಬಿದ ಸಂಸಾರ. ಮಗನಿಗೆ ಇಟ್ಟ ಹೆಸರು ಪೇರರಿವಾಳನ್, ಎಂದರೆ ದೊಡ್ಡ ಅರಿವುಳ್ಳವನು. ಮನೆಯಲ್ಲಿ ಕರೆಯುವುದು ‘ಅರಿವು’ ಎಂದೇ. ಕನ್ನಡಿಗರಿಗೆ ಈ ಹೆಸರಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

1991ರ ಮೇ 21ರ ರಾತ್ರಿ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾಯಿತು. ಅವರೊಡನೆ ಹತ್ತಕ್ಕೂ ಹೆಚ್ಚು ಜನ ಸತ್ತರು. ಮೂರು ವಾರದ ಬಳಿಕ ಸಿಬಿಐನವರು ಜೋಲಾರಪೇಟೆಯ ಮನೆಗೆ ಬಂದರು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದ ಹುಡುಗ ಆಗ ಚೆನ್ನೈನಲ್ಲಿದ್ದ. ಅರ್ಪುತಮ್ಮಾಳ್ ನಂತರ ಎಷ್ಟೋ ಸಭೆಗಳಲ್ಲಿ ಹೇಳಿರುವ ಪ್ರಕಾರ, ಜೂನ್ 11ರಂದು ತಂದೆತಾಯಿಯೇ ಮಗನನ್ನು ಅಧಿಕಾರಿಗಳ ಬಳಿ ಕರೆದುಕೊಂಡು ಹೋಗಿ ಒಪ್ಪಿಸಿದರು. ವಿಚಾರಿಸಿ ಮರುದಿನ ಬೆಳಿಗ್ಗೆ ಕಳಿಸುತ್ತೇವೆ ಎಂಬ ಮಾತು ಸಿಕ್ಕಿತ್ತಂತೆ. ಮಗನಿಗೆ ಆಗ 19 ವರ್ಷ.

ಆರೋಪ ಸಣ್ಣದಲ್ಲ. ಹಂತಕರ ತಂಡದ ಶಿವರಾಸನ್‌ಗೆ ಪೇರರಿವಾಳನ್ ಎರಡು 9 ವೋಲ್ಟ್ ಬ್ಯಾಟರಿ ತಂದುಕೊಟ್ಟ, ಅವೇ ಬಾಂಬಿನಲ್ಲಿ ಬಳಕೆಯಾದವು ಎಂಬುದು ಅದು. ಶಿವರಾಸನ್ ಮಾತ್ರ ನ್ಯಾಯಾಲಯಕ್ಕೆ ಸಿಗಲೇ ಇಲ್ಲ. ಬೆಂಗಳೂರಿನ ಅಂಚಿನ ಕೋಣನಕುಂಟೆಯ ಮನೆಯೊಂದರಲ್ಲಿ ಸಂಗಡಿಗರೊಡನೆ ಅಡಗಿದ್ದವನು ಆ ವರ್ಷದ ಆಗಸ್ಟ್ 20ರಂದು, ಪೊಲೀಸರು ಮತ್ತು ಕಮಾಂಡೊಗಳು ಸುತ್ತುವರಿದಿದ್ದಾಗ ಸತ್ತ. ಬೆಂಗಳೂರಿನ ಹಿರಿಯರಿಗೆ ಆ ದಿನ ಈಗಲೂ ನೆನಪಿರಬಹುದು.

ಹೀಗೆ ಶಿವರಾಸನ್ ಮತ್ತು ಸಂಗಡಿಗರು ಸತ್ತಮೇಲೆ, ಸೆರೆಸಿಕ್ಕ 26 ಮಂದಿಯ ವಿಚಾರಣೆ ‘ಟಾಡಾ’ ಕಾಯಿದೆಯಡಿ ನಡೆಯಿತು. ಸಾಮಾನ್ಯ ಕಾನೂನಿನಲ್ಲಿ ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆಗೆ ಬೆಲೆಯಿಲ್ಲ. ಟಾಡಾದಲ್ಲಿ ಎಸ್‌ಪಿ ದರ್ಜೆಯ ಅಧಿಕಾರಿ ಬರೆದುಕೊಂಡದ್ದೂ ಸಾಕ್ಷ್ಯವೇ. 1998ರ ಜನವರಿ 28ರಂದು ವಿಶೇಷ ನ್ಯಾಯಾಲಯ 26 ಮಂದಿಗೂ ಗಲ್ಲು ವಿಧಿಸಿತು. ಮರುವರ್ಷ ಮೇ 11ರಂದು ಸುಪ್ರೀಂ ಕೋರ್ಟ್ 19 ಮಂದಿಯನ್ನು ಬಿಡುಗಡೆ ಮಾಡಿ, ಮೂವರಿಗೆ ಜೀವಾವಧಿ ಕೊಟ್ಟು, ನಾಲ್ವರ ಗಲ್ಲನ್ನು ಎತ್ತಿಹಿಡಿಯಿತು. ಟಾಡಾದ ಅಪರಾಧಗಳು ಇಲ್ಲಿ ಸಾಬೀತಾಗಿಲ್ಲ ಎಂದು ಹೇಳಿದ ತೀರ್ಪು, ಟಾಡಾದಡಿ ಪಡೆದ ತಪ್ಪೊಪ್ಪಿಗೆಗಳನ್ನು ಮಾತ್ರ ಇಟ್ಟುಕೊಂಡಿತು. ಕಾನೂನು ಓದದವರಿಗೆ ಇದು ಸುಲಭವಾಗಿ ಅರ್ಥವಾಗುವುದಿಲ್ಲ. ಓದಿದವರಲ್ಲೂ ತಲೆ ಕೆರೆದುಕೊಂಡವರಿದ್ದಾರೆ. ನಾಲ್ವರಲ್ಲಿ ಪೇರರಿವಾಳನ್ ಒಬ್ಬ.

ಅರ್ಪುತಮ್ಮಾಳ್ ಅವರ ತಿರುಗಾಟ ಶುರುವಾದದ್ದು ಇದಕ್ಕಿಂತ ಎಷ್ಟೋ ಮೊದಲು. ಮಗನನ್ನು ಯಾವ ಜೈಲಿಗೆ ಹಾಕಿದರೂ ಅಲ್ಲಿಗೆ ಬಸ್ಸು ರೈಲು ಹಿಡಿದು ಹೋಗುವುದು, ಕಂಬಿಯಾಚೆ ಕೆಲವು ನಿಮಿಷ ಮಾತಾಡಿ ಬರುವುದು. ವೆಲ್ಲೂರಿನ ಜೈಲಿನಲ್ಲಿದ್ದಷ್ಟು ವರ್ಷ ಇದು ವಾರದ ಕೆಲಸವಾಯಿತು. ಉಳಿದ ದಿನ ವಕೀಲರ ಕಚೇರಿ, ಪತ್ರಿಕಾ ಕಚೇರಿ, ಪಕ್ಷಗಳ ಬಾಗಿಲು. ಕೈಚೀಲದಲ್ಲಿ ಕಾಗದಪತ್ರ. ಹರಕೆ ಹೊರುವ ಸಂಪ್ರದಾಯದ ಮನೆಯಲ್ಲವಾದ್ದರಿಂದ ಅರ್ಜಿಯೇ ಅವರ ಹರಕೆ. ಕೊಲೆಯಾದವರು ಮಾಜಿ ಪ್ರಧಾನಿ. ಆರಂಭದ ವರ್ಷಗಳಲ್ಲಿ ಆರೋಪಿಯ ತಾಯಿಯೊಡನೆ ನಿಂತು ಮಾತಾಡಲೂ ಜನ ಹೆದರುತ್ತಿದ್ದರು. ನಿಧಾನವಾಗಿ ಕೇಳಿಸಿಕೊಳ್ಳುವವರು ಸಿಕ್ಕರು. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅಂಥವರಲ್ಲೊಬ್ಬರು. 1999ರ ತೀರ್ಪು ಕೊಟ್ಟ ಪೀಠದ ಮುಖ್ಯಸ್ಥರಾಗಿದ್ದ ಕೆ.ಟಿ. ಥಾಮಸ್ ಅವರೇ ನಿವೃತ್ತಿಯ ನಂತರ, ಇಷ್ಟು ವರ್ಷ ಜೈಲಿನಲ್ಲಿಟ್ಟ ಮೇಲೆ ಗಲ್ಲಿಗೇರಿಸುವುದು ಸರಿಯಲ್ಲ ಎಂದರು.

2000ದಲ್ಲಿ ರಾಷ್ಟ್ರಪತಿಗಳಿಗೆ ಹೋದ ಕ್ಷಮಾದಾನದ ಅರ್ಜಿ 2011ರ ಆಗಸ್ಟಿನಲ್ಲಿ ತಿರಸ್ಕೃತವಾಯಿತು. ಹನ್ನೊಂದು ವರ್ಷ! ಸೆಪ್ಟೆಂಬರ್ 9ಕ್ಕೆ ಗಲ್ಲು ಎಂದು ದಿನವೂ ಗೊತ್ತಾಯಿತು. ಅದಕ್ಕೆ ಹತ್ತು ದಿನ ಮೊದಲು, ಆಗಸ್ಟ್ 30ರಂದು, ಮದ್ರಾಸ್ ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಅದೇ ದಿನ ತಮಿಳುನಾಡು ವಿಧಾನಸಭೆ ಕರುಣೆ ತೋರಬೇಕೆಂದು ನಿರ್ಣಯ ಮಾಡಿತು. ಆ ನಡುವಿನ ದಿನಗಳನ್ನು ಒಬ್ಬ ತಾಯಿ ಹೇಗೆ ಕಳೆದಿರಬಹುದು ಎಂದು ಓದುಗರಾದ ತಂದೆತಾಯಂದಿರೇ ಊಹಿಸಿಕೊಳ್ಳಲಿ. ಕೊನೆಗೆ 2014ರ ಫೆಬ್ರುವರಿ 18ರಂದು, ಅರ್ಜಿಯನ್ನು ಇಷ್ಟು ಕಾಲ ಕೊಳೆಹಾಕಿದ್ದೇ ಕಾರಣವಾಗಿ, ಸುಪ್ರೀಂ ಕೋರ್ಟ್ ಗಲ್ಲನ್ನು ಜೀವಾವಧಿಗೆ ಇಳಿಸಿತು.

ವಿದ್ಯಾರ್ಥಿಗಳು ತಿಳಿದಿರಬೇಕಾದ ಒಂದು ಸಂಗತಿ ಇಲ್ಲಿದೆ. ಜೀವಾವಧಿ ಎಂದರೆ 14 ವರ್ಷ ಎಂದು ಅನೇಕರು ನಂಬಿದ್ದಾರೆ, ಸಿನಿಮಾಗಳೂ ಹಾಗೆಯೇ ತೋರಿಸುತ್ತವೆ. ಅದು ತಪ್ಪು. ಜೀವಾವಧಿ ಎಂದರೆ ಉಸಿರಿರುವ ತನಕ. ಕೊಲೆಯಂಥ ಅಪರಾಧದಲ್ಲಿ 14 ವರ್ಷ ತುಂಬುವ ಮೊದಲು ಸಾಮಾನ್ಯ ನಿಯಮದಂತೆ ಬಿಡುವ ಹಾಗಿಲ್ಲ ಎಂದಷ್ಟೇ ಕಾನೂನು ಹೇಳುತ್ತದೆ. ಆಮೇಲೆ ಬಿಡಲೇಬೇಕು ಎಂದಲ್ಲ. ಬಿಡಬಹುದೇ ಎಂದು ನೋಡುವುದು ಸರ್ಕಾರದ ಕೆಲಸ. ಪೆರೋಲ್ ಎಂಬುದು ಇದಕ್ಕಿಂತ ಬೇರೆ. ತಂದೆಯ ಕಾಯಿಲೆ, ತಂಗಿಯ ಮದುವೆ, ಮನೆಯಲ್ಲಿ ಸಾವು ಎಂದು ಕೆಲವು ದಿನ ಮನೆಗೆ ಹೋಗಿಬರಲು ಕೊಡುವ ರಜೆ. ನಮ್ಮ ಪರಪ್ಪನ ಅಗ್ರಹಾರದಲ್ಲಿ, ಹಿಂಡಲಗಾದಲ್ಲಿ ಇರುವ ಕೈದಿಗಳೂ ಇದಕ್ಕೇ ಅರ್ಜಿ ಬರೆಯುತ್ತಾರೆ. ಹೊರಗಿನವರಿಗೆ ಇದು ರಿಯಾಯಿತಿಯಂತೆ ಕಾಣುತ್ತದೆ. ಒಳಗಿರುವವನಿಗೆ ಮನೆ ಎಂಬುದೊಂದು ಇದೆ ಎಂದು ಮರೆತುಹೋಗದಂತೆ ನೋಡಿಕೊಳ್ಳುವ ಉಪಾಯವೆಂದರೂ ಇದೊಂದೇ.

ಪೇರರಿವಾಳನ್‌ಗೆ ಮೊದಲ ಪೆರೋಲ್ ಸಿಕ್ಕಿದ್ದು 2017ರ ಆಗಸ್ಟ್ 24ರಂದು. 26 ವರ್ಷ ಕಳೆದಿತ್ತು. ಕುಯಿಲ್‌ದಾಸನ್ ಹಾಸಿಗೆ ಹಿಡಿದಿದ್ದರು. ಅರ್ಜಿ ಕೊಟ್ಟು ಕೊಟ್ಟು ಅರ್ಪುತಮ್ಮಾಳ್ ಒಂದು ತಿಂಗಳ ರಜೆ ಗಿಟ್ಟಿಸಿದರು, ಅದು ಇನ್ನೊಂದು ತಿಂಗಳಿಗೆ ಬೆಳೆಯಿತು. ಮನೆಯ ಸುತ್ತ ಪೊಲೀಸ್ ಕಾವಲು. 19ರ ಹುಡುಗನಾಗಿ ಹೋದವನು 46ರ ನರೆಗೂದಲಿನವನಾಗಿ ಹೊಸಿಲು ದಾಟಿದ. ಅಕ್ಟೋಬರಿನಲ್ಲಿ ಅವಧಿ ಮುಗಿದ ದಿನ ಮತ್ತೆ ಜೈಲಿಗೆ ಹೋದ. ಪೆರೋಲ್ ಮೇಲೆ ಹೊರಬಂದವನು ಹೇಳಿದ ದಿನಕ್ಕೆ ವಾಪಸಾಗುವುದು ಸುದ್ದಿಯಾಗುವುದಿಲ್ಲ. ತಪ್ಪಿಸಿಕೊಂಡು ಓಡಿದ್ದರೆ ಮುಖಪುಟ!

ಜೈಲಿನೊಳಗೆ ಆತ ಸುಮ್ಮನೆ ಕೂತಿರಲಿಲ್ಲ. 2012ರಲ್ಲಿ, ತಲೆಯ ಮೇಲೆ ಗಲ್ಲು ತೂಗುತ್ತಿದ್ದಾಗಲೇ, ತಮಿಳುನಾಡಿನ ಪ್ಲಸ್ ಟು ಪರೀಕ್ಷೆ ಬರೆದು 1200ಕ್ಕೆ 1096 ಅಂಕ ತೆಗೆದ. ದೂರಶಿಕ್ಷಣದಲ್ಲಿ ಕಂಪ್ಯೂಟರ್ ಪದವಿಗಳನ್ನೂ ಪಡೆದ. ಪರೀಕ್ಷೆಯ ಹೆದರಿಕೆಯ ಬಗ್ಗೆ ಮಕ್ಕಳಿಗೆ ಬುದ್ಧಿ ಹೇಳುವ ಪೋಷಕರು ಈ ಉದಾಹರಣೆ ಕೊಡಬೇಕಾಗಿಲ್ಲ, ಆದರೆ ಸಂಗತಿ ಸಂಗತಿಯೇ.

ಇನ್ನೊಂದು ಬೆಳವಣಿಗೆ ನಡೆದದ್ದು 2013ರಲ್ಲಿ. ತಪ್ಪೊಪ್ಪಿಗೆ ಬರೆದುಕೊಂಡಿದ್ದ ಸಿಬಿಐ ಅಧಿಕಾರಿ ವಿ. ತ್ಯಾಗರಾಜನ್ ನಿವೃತ್ತಿಯ ನಂತರ ಬಾಯಿಬಿಟ್ಟರು. ಬ್ಯಾಟರಿ ಯಾವುದಕ್ಕೆಂದು ತನಗೆ ತಿಳಿದಿರಲಿಲ್ಲ ಎಂದು ಹುಡುಗ ಹೇಳಿದ್ದ, ಆ ಮಾತನ್ನು ತಾವು ಬರೆದುಕೊಳ್ಳಲಿಲ್ಲ ಎಂದರು. 2017ರಲ್ಲಿ ಸುಪ್ರೀಂ ಕೋರ್ಟಿಗೆ ಪ್ರಮಾಣಪತ್ರವನ್ನೂ ಕೊಟ್ಟರು. ಆದರೂ ಶಿಕ್ಷೆಯ ತೀರ್ಪು ಬದಲಾಗಲಿಲ್ಲ. ಪೇರರಿವಾಳನ್ ನಿರಪರಾಧಿ ಎಂದು ಯಾವ ನ್ಯಾಯಾಲಯವೂ ಹೇಳಿಲ್ಲ, ಅದನ್ನು ಮರೆಮಾಚಬಾರದು. ಶ್ರೀಪೆರಂಬುದೂರಿನಲ್ಲಿ ಸತ್ತ ಪೊಲೀಸರು, ಕಾರ್ಯಕರ್ತರಿಗೂ ಸಂಸಾರಗಳಿದ್ದವು. ಬಿಡುಗಡೆ ಕೂಡದೆಂದು ಅವರಲ್ಲಿ ಕೆಲವರು ಕೋರ್ಟಿಗೂ ಹೋದರು. ಅವರ ನೋವು ಜೋಲಾರಪೇಟೆಯ ನೋವಿಗಿಂತ ಕಡಿಮೆಯದೇನಲ್ಲ. ರಾಜೀವರ ಮಗ ರಾಹುಲ್ ಗಾಂಧಿ 2018ರಲ್ಲಿ, ತಾನೂ ತಂಗಿಯೂ ಹಂತಕರನ್ನು ಕ್ಷಮಿಸಿದ್ದೇವೆ ಎಂದಿದ್ದರು. ಆದರೆ ಕ್ಷಮಿಸು ಎಂದು ಉಳಿದವರಿಗೆ ಹೇಳುವ ಹಕ್ಕು ಯಾರಿಗಿದೆ?

2018ರ ಸೆಪ್ಟೆಂಬರ್ 9ರಂದು ತಮಿಳುನಾಡು ಸಂಪುಟ ಏಳೂ ಮಂದಿಯ ಬಿಡುಗಡೆಗೆ ಶಿಫಾರಸು ಮಾಡಿತು. ಕಡತ ರಾಜ್ಯಪಾಲರ ಮೇಜಿನ ಮೇಲೆ ಎರಡು ವರ್ಷಕ್ಕೂ ಹೆಚ್ಚು ಕಾಲ ಕೂತು, ಆಮೇಲೆ ರಾಷ್ಟ್ರಪತಿಗಳತ್ತ ಹೊರಟಿತು. ಎಪ್ಪತ್ತು ದಾಟಿದ ಅರ್ಪುತಮ್ಮಾಳ್ ಮತ್ತೆ ಪೆರೋಲ್ ಅರ್ಜಿ ಬರೆದರು. ಮಗನ ಆರೋಗ್ಯ ಕೆಟ್ಟಿತ್ತು, ಕೊರೋನಾ ಬೇರೆ. 2021ರ ಮೇ ತಿಂಗಳಲ್ಲಿ ಸಿಕ್ಕ ಪೆರೋಲ್ ತಿಂಗಳು ತಿಂಗಳೂ ಮುಂದುವರಿಯಿತು. 2022ರ ಮಾರ್ಚ್ 9ರಂದು ಜಾಮೀನು, ಮೇ 18ರಂದು ಬಿಡುಗಡೆ. ಸಂಪುಟದ ಸಲಹೆಗೆ ರಾಜ್ಯಪಾಲರು ಬದ್ಧರು ಎಂದ ನ್ಯಾಯಮೂರ್ತಿಗಳಾದ ಎಲ್. ನಾಗೇಶ್ವರ ರಾವ್, ಬಿ.ಆರ್. ಗವಾಯಿ ಮತ್ತು ನಮ್ಮ ಕೊಡಗಿನ ಎ.ಎಸ್. ಬೋಪಣ್ಣ ಅವರ ಪೀಠ, ಕಡತವನ್ನು ಮತ್ತೆ ರಾಜ್ಯಪಾಲರಿಗೆ ಕಳಿಸದೆ, ಸಂವಿಧಾನದ 142ನೆಯ ವಿಧಿಯಡಿ ತಾನೇ ಬಿಡುಗಡೆ ಮಾಡಿತು. ಜೋಲಾರಪೇಟೆಯಲ್ಲಿ ಸಿಹಿ ಹಂಚಿದರು. ಮರುದಿನ ಕಾಂಗ್ರೆಸ್ಸಿನವರು ಬಾಯಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಪ್ರತಿಭಟಿಸಿದರು.

ಆ ವರ್ಷದ ನವೆಂಬರ್ 11ರಂದು ಉಳಿದ ಆರು ಮಂದಿಗೂ ಬಿಡುಗಡೆಯ ಆದೇಶವಾಯಿತು. ಅವರಲ್ಲಿ ಶ್ರೀಲಂಕಾದವರಾದ ನಾಲ್ವರನ್ನು ಜೈಲಿನಿಂದ ನೇರವಾಗಿ ತಿರುಚ್ಚಿಯ ವಿಶೇಷ ಶಿಬಿರಕ್ಕೆ ಒಯ್ದರು. ಸಾಂತನ್ ಅವರಲ್ಲೊಬ್ಬ. ಜಾಫ್ನಾದಲ್ಲಿ ಆತನ ವೃದ್ಧ ತಾಯಿ ಮಗನ ಮುಖ ನೋಡಲು ಕಾದಿದ್ದರು. ಊರಿಗೆ ಹೋಗಲು ಬೇಕಾದ ಕಾಗದಪತ್ರ ಸಿದ್ಧವಾಗುವ ಹೊತ್ತಿಗೆ ಸಾಂತನ್ ಚೆನ್ನೈನ ಸರ್ಕಾರಿ ಆಸ್ಪತ್ರೆಯಲ್ಲಿದ್ದ. 2024ರ ಫೆಬ್ರುವರಿ 28ರಂದು ಅಲ್ಲೇ ತೀರಿಕೊಂಡ. ತಾಯಿಗೆ ಶವವನ್ನು ಕಳಿಸಿಕೊಟ್ಟರು.