ಕೆಡದುದನ್ನು ಬದಲಿಸುವ ಸುಖ

ಮೋಟಾರು ಎಂಜಿನ್ನಿನ ಮಾತು ಬಂದಾಗ ಪಿಸ್ಟನ್ನಿನ ಪರಾಕ್ರಮವನ್ನೂ ಕಾರ್ಬ್ಯುರೇಟರಿನ ಮುನಿಸು ಮುದ್ದುಗಳನ್ನೂ ಮನದಣಿಯೆ ವರ್ಣಿಸುವ ರಸಿಕರು ಬೇಕಾದಷ್ಟು ಮಂದಿ ಇರುವರಾದರೂ, ತಗಡಿನ ಮುಚ್ಚಳದ ಕೆಳಗೆ, ಬಿಸಿ ಎಣ್ಣೆಯಲ್ಲಿ ಹಗಲಿರುಳೂ ತೊಯ್ಯುತ್ತ, ಯಾರ ಕಣ್ಣಿಗೂ ಬೀಳದೆ ದುಡಿಯುವ ವಾಲ್ವ್ ಸ್ಪ್ರಿಂಗುಗಳನ್ನು ಕುರಿತು ಒಂದು ಒಳ್ಳೆಯ ಮಾತನ್ನಾಡಿದವರು ವಿರಳ. ವಾಲ್ವನ್ನು ತೆರೆಯುವುದಕ್ಕೆ ಕ್ಯಾಮ್ ಶಾಫ್ಟಿನ ಉಬ್ಬು ಇದೆ, ಅದರ ಬೆನ್ನಿಗೆ ಇಡೀ ಎಂಜಿನ್ನಿನ ಬಲವಿದೆ. ಅದು ತಳ್ಳಿದುದನ್ನು ತಡೆಯಬಲ್ಲ ವಸ್ತು ಅಲ್ಲಿ ಯಾವುದೂ ಇಲ್ಲ. ಆದರೆ ತೆರೆದ ವಾಲ್ವನ್ನು ಪುನಃ ಅದರ ಪೀಠದಲ್ಲಿ ಕೂರಿಸುವ ಹೊಣೆಯನ್ನು ಆ ಎಂಜಿನ್ನು ತಾನು ಹೊರದೆ, ಒಂದು ಉಕ್ಕಿನ ತಂತಿಯ ಸುರುಳಿಗೆ ಒಪ್ಪಿಸಿ, ಅದರ ಸ್ವಭಾವದ ಮೇಲೆ ಭರವಸೆಯಿಟ್ಟು ಕುಳಿತಿರುತ್ತದೆ. ಈ ಭರವಸೆ ಹುಸಿಯಾಗುವ ಮೊದಲೇ ಸುರುಳಿಗಳನ್ನು ಬದಲಿಸಿಬಿಡುವುದು ನನಗೆ ಪ್ರಿಯವಾದ ಕೆಲಸಗಳಲ್ಲೊಂದು.

ನನ್ನಲ್ಲಿರುವುದು 1960ರ ದಶಕದ ಒಂದು ಎಂಜಿಬಿ. ಇಬ್ಬರೇ ಕೂರಬಹುದಾದ, ಮಾಡು ಮಡಿಸಿ ಹಿಂದಕ್ಕೆ ಸರಿಸಬಹುದಾದ ಇಂಗ್ಲಿಷ್ ಸ್ಪೋರ್ಟ್ಸ್ ಕಾರು. ಆಕ್ಸ್‌ಫರ್ಡಿನ ಸಮೀಪದ ಆಬಿಂಗ್‌ಡನ್ ಎಂಬ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಈ ಜಾತಿಯ ಕಾರುಗಳು ಐದು ಲಕ್ಷಕ್ಕೂ ಮೀರಿ ತಯಾರಾದುವು. ಹೀಗಾಗಿ ಇಂದಿಗೂ ಇದರ ಬಿಡಿಭಾಗಗಳಿಗೆ ಬರವಿಲ್ಲ. ಇಂಗ್ಲೆಂಡಿನಲ್ಲಿ ಇಡೀ ಒಡಲನ್ನೇ ಹೊಸದಾಗಿ ಒತ್ತಿ ಮಾರುವವರಿದ್ದಾರೆ. ನನ್ನ ಕೈಗೆ ಬರುವುದಕ್ಕೆ ಮುಂಚೆ ಈ ಕಾರು ಕೊಡಗಿನ ಒಂದು ಕಾಫಿ ತೋಟದ ಷೆಡ್ಡಿನಲ್ಲಿ, ಟಾರ್ಪಾಲಿನ ಕೆಳಗೆ, ಹಲವು ಮಳೆಗಾಲಗಳನ್ನು ಕದಲದೆ ಕಳೆದಿತ್ತು. ಈ ಸಂಗತಿ ಮುಂದೆ ಉಪಯೋಗಕ್ಕೆ ಬರುವುದರಿಂದ ಓದುಗರು ನೆನಪಿನಲ್ಲಿಟ್ಟಿರಬೇಕು.

ಇದರ ಎಂಜಿನ್ನು ನಮಗೇನೂ ಅಪರಿಚಿತವಲ್ಲ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನವರು ‘ಬಿ-ಸೀರೀಸ್’ ಎಂದು ಕರೆದ ಕುಲಕ್ಕೆ ಸೇರಿದುದು ಅದು. 1798 ಘನ ಸೆಂಟಿಮೀಟರಿನದು. ಅದೇ ಕುಲದ 1489 ಘನ ಸೆಂಟಿಮೀಟರಿನ ಕಿರಿಯ ಸೋದರನು ನಮ್ಮ ಅಂಬಾಸಡರ್ ಕಾರಿನ ಮುಂಗಡೆಯಲ್ಲಿ ಕುಳಿತು, ಮಂತ್ರಿಗಳನ್ನೂ ಮದುವೆಯ ದಿಬ್ಬಣಗಳನ್ನೂ ಟ್ಯಾಕ್ಸಿಯಲ್ಲಿ ಒತ್ತರಿಸಿಕೊಂಡು ಕುಳಿತ ಎಂಟು ಮಂದಿಯನ್ನೂ ದಶಕಗಳ ಕಾಲ ಎಳೆದವನು. ಬೆಂಗಳೂರಿನ ಜೆ.ಸಿ. ರಸ್ತೆಯ ಹಳೆಯ ಅಂಗಡಿಗಳಲ್ಲಿ ಈ ಮನೆತನದ ವಂಶಾವಳಿಯನ್ನು ಬಾಯಿಪಾಠ ಒಪ್ಪಿಸುವವರು ಈಗಲೂ ಸಿಕ್ಕಾರು. ನನಗೆ ಸಹಾಯಕ್ಕೆಂದು ಬರುವ ಮೇಸ್ತ್ರಿಯವರು ಆಯುಷ್ಯವೆಲ್ಲ ಅಂಬಾಸಡರುಗಳ ಸಿಲಿಂಡರ್ ಹೆಡ್ ಇಳಿಸಿದವರು. ಮೊದಲ ಸಲ ನಾನು ಬಾನೆಟ್ ಎತ್ತಿ ತೋರಿಸಿದಾಗ ಅವರು ಎರಡು ಕಾರ್ಬ್ಯುರೇಟರುಗಳನ್ನು ಗಣ್ಯಮಾಡದೆ, ಹೆಡ್ಡಿನ ಅಂಚನ್ನು ಬೆರಳಿನಿಂದ ಸವರಿ, “ಇದು ನಮ್ಮ ಗಾಡೀನೇ ಅಲ್ವಾ ಸಾರ್, ಸೂಟು ಬೂಟು ಹಾಕ್ಕೊಂಡಿದೆ ಅಷ್ಟೆ” ಎಂದರು.

ಆದರೆ ನನ್ನ ಉದ್ದೇಶವನ್ನು ತಿಳಿಸಿದಾಗ ಅವರಿಗೆ ಸಮಾಧಾನವಾಗಲಿಲ್ಲ. “ಓಡ್ತಾ ಇರೋ ಗಾಡೀನ ಯಾಕೆ ಬಿಚ್ತೀರಾ ಸಾರ್? ಸ್ಪ್ರಿಂಗ್ ಕಟ್ಟಾದಾಗ ನೋಡ್ಕೊಂಡ್ರಾಯ್ತು.” ಬಾಡಿಗೆಗೆ ಓಡುವ ವಾಹನವನ್ನು ಕೆಡುವ ಮುನ್ನ ನಿಲ್ಲಿಸಿದರೆ ಆ ದಿನದ ಸಂಪಾದನೆ ನಿಂತಿತು, ಆದುದರಿಂದ ಅವರ ನ್ಯಾಯ ಅವರಿಗೆ ಸರಿ. ನನ್ನದು ಸಂಪಾದನೆಯ ವಾಹನವಲ್ಲವಷ್ಟೆ. ಮೇಲಾಗಿ ಸ್ಪ್ರಿಂಗು ಮುರಿಯುವುದು ಬೆಲ್ಟು ಹರಿದಂತೆ ರಸ್ತೆಯ ಬದಿಯಲ್ಲಿ ಮುಗಿದುಹೋಗುವ ಪ್ರಸಂಗವಲ್ಲ: ವಾಲ್ವು ಹಿಡಿತ ತಪ್ಪಿ ಸಿಲಿಂಡರಿನೊಳಕ್ಕೆ ಇಳಿದರೆ, ಮೇಲಕ್ಕೇರಿ ಬರುವ ಪಿಸ್ಟನ್ನು ಅದನ್ನು ಹೊಡೆದು, ತಾನೂ ಒಡೆದು, ಕೆಲವೊಮ್ಮೆ ಹೆಡ್ಡನ್ನೂ ಕೆಡಿಸಿಬಿಡುತ್ತದೆ. ಅದಕ್ಕಾಗಿಯೇ ನಿರ್ಮಾಪಕರು ಪ್ರತಿ ವಾಲ್ವಿಗೂ ಒಂದರೊಳಗೊಂದು ಅಡಗಿದ ಎರಡು ಸ್ಪ್ರಿಂಗುಗಳನ್ನಿಟ್ಟರು. ಒಂದು ಕೈಕೊಟ್ಟರೆ ಇನ್ನೊಂದು ವಾಲ್ವನ್ನು ಬೀಳಗೊಡದು. ಎರಡನ್ನಿಡುವುದಕ್ಕೆ ಇನ್ನೂ ಒಂದು ಕಾರಣವುಂಟು. ಪ್ರತಿಯೊಂದು ಸುರುಳಿಗೂ ತನ್ನದೇ ಆದ ಕಂಪನದ ಶ್ರುತಿಯಿದ್ದು, ಎಂಜಿನ್ನಿನ ವೇಗ ಆ ಶ್ರುತಿಗೆ ತಾಗಿದಾಗ ಸುರುಳಿ ತನ್ನ ಕರ್ತವ್ಯವನ್ನು ಮರೆತು ತಾನೇ ತಾನಾಗಿ ನಡುಗತೊಡಗುತ್ತದೆ. ಒಳಗಿನ ಹಾಗೂ ಹೊರಗಿನ ಸುರುಳಿಗಳ ಶ್ರುತಿಗಳು ಬೇರೆಬೇರೆಯಾಗಿರುವುದರಿಂದ ಇಬ್ಬರಿಗೂ ಏಕಕಾಲಕ್ಕೆ ಆ ಉನ್ಮಾದ ಹಿಡಿಯುವುದಿಲ್ಲ.

ಈ ಸುರುಳಿಗಳ ದುಡಿಮೆಯ ಪ್ರಮಾಣವನ್ನು ಲೆಕ್ಕಹಾಕಿ ನೋಡಿದರೆ ಬೆರಗಾಗುತ್ತದೆ. ಎಂಜಿನ್ನು ನಿಮಿಷಕ್ಕೆ 3000 ಸುತ್ತು ಸುತ್ತುತ್ತಿರುವಾಗ ಕ್ಯಾಮ್ ಶಾಫ್ಟು ಅದರ ಅರ್ಧ, ಎಂದರೆ 1500 ಸುತ್ತು ಸುತ್ತುತ್ತದೆ. ಪ್ರತಿ ಸುತ್ತಿಗೂ ಪ್ರತಿ ಸ್ಪ್ರಿಂಗು ಒಮ್ಮೆ ಕುಗ್ಗಿ ಒಮ್ಮೆ ಹಿಗ್ಗಬೇಕು. ಬೆಂಗಳೂರಿನಿಂದ ಮೈಸೂರಿಗೆ ಹಳೆಯ ಕಾರಿನ ಮರ್ಯಾದೆಗೆ ತಕ್ಕಂತೆ ಮೂರು ಗಂಟೆಗಳಲ್ಲಿ ಹೋಗಿ ಸೇರಿದರೆ, ಒಂದೊಂದು ಸ್ಪ್ರಿಂಗೂ ಸುಮಾರು 2,70,000 ಬಾರಿ ಮಣಿದು ಎದ್ದಿರುತ್ತದೆ. ನಾವು ಮದ್ದೂರಿನಲ್ಲಿ ಇಳಿದು ವಡೆ ತಿಂದು ಬೆನ್ನು ನೋಯುತ್ತಿದೆಯೆಂದು ದೂರುತ್ತೇವೆ.

ಸುರುಳಿಯ ಸ್ವಭಾವವನ್ನು ಮೊದಲು ಸೂತ್ರರೂಪದಲ್ಲಿ ಕಂಡವನು 17ನೆಯ ಶತಮಾನದ ರಾಬರ್ಟ್ ಹುಕ್. ಹಿಗ್ಗಿದಷ್ಟೂ ಬಲ ಎಂಬ ಆ ನಿಯಮವನ್ನು ಇತರರು ಅಪಹರಿಸಿಯಾರೆಂಬ ಶಂಕೆಯಿಂದ, ಆ ಪ್ರತಿಭಾಶಾಲಿಯಾದ ಜಗಳಗಂಟನು 1676ರಲ್ಲಿ ಅದರ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಜೋಡಿಸಿ ಒಂದು ಒಗಟಿನಂತೆ ಪ್ರಕಟಿಸಿ, 1678ರಲ್ಲಿ ತಾನೇ ಅದರ ಗಂಟನ್ನು ಬಿಚ್ಚಿದನು. ಆದರೆ ಹುಕ್ಕನ ಸೂತ್ರದಲ್ಲಿ ಸುರುಳಿಗೆ ದಣಿವೆಂಬುದಿಲ್ಲ. ಲೋಹವೂ ದಣಿಯುತ್ತದೆ; ಒಮ್ಮೆಗೆ ಸಲೀಸಾಗಿ ಹೊರಬಲ್ಲ ಭಾರವನ್ನೇ ಲಕ್ಷಾಂತರ ಸಲ ಹೊರಿಸಿದರೆ ಅದು ಮುರಿಯುತ್ತದೆ ಎಂಬುದನ್ನು 19ನೆಯ ಶತಮಾನದ ಮಧ್ಯಭಾಗದಲ್ಲಿ ರೈಲುಗಾಡಿಯ ಅಚ್ಚುಗಳನ್ನು ತಿರುಗಿಸಿ ತಿರುಗಿಸಿ ಪರೀಕ್ಷಿಸಿದ ಜರ್ಮನ್ ಎಂಜಿನಿಯರ್ ಆಗುಸ್ಟ್ ವೋಲರ್ ನಿರೂಪಿಸಿದನು. ಒಳ್ಳೆಯ ಉಕ್ಕಿಗೆ ಒಂದು ಮಿತಿಯುಂಟು. ಆ ಮಿತಿಯ ಒಳಗೆ ದುಡಿಸಿದರೆ ಅದು ಬಹುಕಾಲ ಬಾಳುತ್ತದೆ. ಆದರೆ ಮೇಲ್ಮೈಯಲ್ಲಿ ಒಂದು ಗೀರು, ಒಂದು ತುಕ್ಕಿನ ಕುಳಿ ಬಿದ್ದರೆ ಸಾಕು, ಆ ಮಿತಿಯ ಮಾತು ಅಲ್ಲಿಗೆ ಮುಗಿಯಿತು: ಬಿರುಕು ಅಲ್ಲಿಂದಲೇ ಮೊದಲಾಗುತ್ತದೆ. ಈ ಭಯದಿಂದಲೇ ಉತ್ತಮ ಸ್ಪ್ರಿಂಗುಗಳ ಮೈಮೇಲೆ ಸಣ್ಣ ಸಣ್ಣ ಉಕ್ಕಿನ ಗುಂಡುಗಳನ್ನು ಮಳೆಗರೆದು, ಮೇಲ್ಪದರವನ್ನು ಬಿಗಿಗೊಳಿಸಿ ಕಳುಹಿಸುವರು.

ಸ್ಪ್ರಿಂಗಿನ ಹಂಗೇ ಬೇಡವೆಂದು ಹೊರಟವರೂ ಇದ್ದಾರೆ. 1954 ಮತ್ತು 1955ರಲ್ಲಿ ಪಂದ್ಯದ ಚಾಲಕ ಫಾಂಜಿಯೋಗೆ ವಿಶ್ವಪದವಿಯನ್ನು ಗಳಿಸಿಕೊಟ್ಟ ಮರ್ಸಿಡಿಸ್ ಪಂದ್ಯದ ಕಾರುಗಳಲ್ಲಿ ವಾಲ್ವನ್ನು ಮುಚ್ಚುವುದಕ್ಕೂ ಕ್ಯಾಮನ್ನೇ ಇಟ್ಟಿದ್ದರು. ಇಟಲಿಯ ಡುಕಾಟಿ ಮೋಟಾರ್ ಸೈಕಲ್ಲುಗಳು ಆ ಪದ್ಧತಿಗೇ ಹೆಸರಾದುವು. 1986ರಲ್ಲಿ ರೆನೊ ಕಂಪೆನಿಯವರು ಪಂದ್ಯದ ಎಂಜಿನ್ನಿನಲ್ಲಿ ಒತ್ತಿದ ಗಾಳಿಯನ್ನೇ ಸ್ಪ್ರಿಂಗಾಗಿ ಮಾಡಿದರು. ಅದ್ಭುತಗಳೇ ಸರಿ. ಮನೆಯ ಷೆಡ್ಡಿನಲ್ಲಿ ಸ್ಟೂಲಿನ ಮೇಲೆ ಕುಳಿತು ಕೈಯಿಂದ ಬಿಚ್ಚಿ ಜೋಡಿಸಬಲ್ಲ ಸುಖ ಅವುಗಳಲ್ಲಿಲ್ಲವಾದುದರಿಂದ ನನಗೆ ಅವುಗಳ ಮೇಲೆ ಗೌರವವಿದೆಯೇ ಹೊರತು ಪ್ರೀತಿಯಿಲ್ಲ.

ಕೆಲಸ ಮೊದಲಾಗುವುದು ರೇಡಿಯೇಟರಿನ ನೀರನ್ನು ಇಳಿಸುವುದರಿಂದ. ಸ್ಪ್ರಿಂಗಿಗೂ ನೀರಿಗೂ ಏನು ಸಂಬಂಧವೆಂದರೆ, ಈ ಎಂಜಿನ್ನಿನಲ್ಲಿ ವಾಲ್ವುಗಳನ್ನು ಒತ್ತುವ ರಾಕರುಗಳ ಶಾಫ್ಟನ್ನು ಹಿಡಿದ ಎಂಟು ನಟ್ಟುಗಳ ಪೈಕಿ ನಾಲ್ಕು ಹೆಡ್ಡನ್ನೂ ಹಿಡಿದಿರುವಂಥವು. ಅವನ್ನು ಮಾತ್ರ ಸಡಿಲಿಸಿದರೆ ಹೆಡ್ಡು ಒಂದು ಮಗ್ಗುಲಿಗೆ ಸೊಟ್ಟಗಾಗಿ ನೀರು ಸಿಲಿಂಡರಿಗೆ ನುಸುಳಬಹುದು. ಆದುದರಿಂದ ಹೆಡ್ಡಿನ ಹನ್ನೊಂದು ನಟ್ಟುಗಳನ್ನೂ ಸರದಿಯಂತೆ ಸ್ವಲ್ಪಸ್ವಲ್ಪವಾಗಿ ಸಡಿಲಿಸಬೇಕು. ಅಷ್ಟು ದೂರ ಬಂದ ಮೇಲೆ ಹೆಡ್ಡನ್ನೇ ಇಳಿಸಿ, ಮಸಿ ಕೆರೆದು, ವಾಲ್ವುಗಳನ್ನು ಅರೆದು ಕೂರಿಸುವುದು ಲೇಸೆಂಬ ಪಕ್ಷಕ್ಕೆ ನಾನು ಸೇರಿದವನು. ಪುಷ್ ರಾಡುಗಳನ್ನು ರಟ್ಟಿನ ಹಾಳೆಯಲ್ಲಿ ಕೊರೆದ ಎಂಟು ತೂತುಗಳಿಗೆ ಸಂಖ್ಯೆಯ ಪ್ರಕಾರ ಚುಚ್ಚಿಟ್ಟು, ಎರಕದ ಕಬ್ಬಿಣದ ಆ ಹೆಡ್ಡನ್ನು ಮೇಸ್ತ್ರಿಯವರೂ ನಾನೂ ಆಚೀಚೆ ಹಿಡಿದು ಮೇಜಿನ ಮೇಲಿಟ್ಟು, ಕೆಳಮೈಯನ್ನು ಒರೆಸಿದಾಗ, ಹ್ಯಾರಿ ವೆಸ್ಲೇಕ್ ಎಂಬ ಇಂಗ್ಲಿಷ್ ತಜ್ಞನು ಕಲ್ಪಿಸಿದ ಹೃದಯಾಕಾರದ ನಾಲ್ಕು ದಹನಕೋಷ್ಠಗಳು ಸಾಲಾಗಿ ಕಾಣಿಸಿಕೊಳ್ಳುತ್ತವೆ. ಸ್ವಲ್ಪ ಹೊತ್ತು ಸುಮ್ಮನೆ ನೋಡಬೇಕೆನಿಸುತ್ತದೆ. ಮೇಸ್ತ್ರಿಯವರು ಆ ಹೊತ್ತಿನಲ್ಲಿ ಚಹ ತರಿಸುತ್ತಾರೆ.

ಆ ಬಳಿಕ ಒಂದೊಂದಾಗಿ ವಾಲ್ವುಗಳ ಸರದಿ. ಸ್ಪ್ರಿಂಗಿನ ಮೇಲಣ ಟೋಪಿಯನ್ನು ಮರದ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಲಾಕುಗಳನ್ನು ಬಳಸಿದ ಸಣ್ಣ ಕ್ಲಿಪ್ಪನ್ನು ಬಿಡಿಸಿ, ದೊಡ್ಡ ಅಂಕುಶದಂತಿರುವ ಕಂಪ್ರೆಸರಿನಿಂದ ಸುರುಳಿಗಳನ್ನು ಅದುಮಿ ಹಿಡಿದರೆ, ಉಗುರಿನಷ್ಟೇ ಗಾತ್ರದ ಎರಡು ಲಾಕುಗಳು ಸಡಿಲವಾಗಿ ಕೈಗೆ ಬರುತ್ತವೆ. ಇಷ್ಟು ದೊಡ್ಡ ಬಲವನ್ನು ಇಷ್ಟು ಸಣ್ಣ ತುಣುಕುಗಳು ಹಿಡಿದು ನಿಲ್ಲಿಸಿದ್ದುವೆಂಬುದು ಪ್ರತಿಸಲವೂ ನನಗೆ ಹೊಸ ಸಂಗತಿಯಾಗಿಯೇ ತೋರುತ್ತದೆ. ಅದುಮಿದ ಸ್ಪ್ರಿಂಗಿನ ನೇರಕ್ಕೆ ಮುಖವೊಡ್ಡಬಾರದು ಎಂಬುದೊಂದೇ ಇಲ್ಲಿ ಪಾಲಿಸಲೇಬೇಕಾದ ಶಾಸ್ತ್ರ.

ಹದಿನಾರು ಹಳೆಯ ಸುರುಳಿಗಳನ್ನೂ ಸೀಮೆಎಣ್ಣೆಯಲ್ಲಿ ತೊಳೆದು ಗಾಜಿನ ಮೇಲೆ ಸಾಲಾಗಿ ನಿಲ್ಲಿಸಿದಾಗ ಮೊದಲ ನೋಟಕ್ಕೆ ಎಲ್ಲವೂ ಸಮವಾಗಿದ್ದುವು. ಮೇಸ್ತ್ರಿಯವರು ನನ್ನ ಕಡೆ ನೋಡಿದ ನೋಟದಲ್ಲಿ ಗೆಲುವಿತ್ತು. ಆದರೆ ಸ್ಪ್ರಿಂಗಿನ ಸತ್ವ ಬಿಡುವಾಗಿ ನಿಂತಾಗ ತಿಳಿಯತಕ್ಕದ್ದಲ್ಲ. ಹಳೆಯದನ್ನೂ ಹೊಸದನ್ನೂ ತುದಿಗೆ ತುದಿಯಿಟ್ಟು, ನಡುವೆ ಒಂದು ಚಪ್ಪಟೆ ಬಿಲ್ಲೆಯನ್ನಿರಿಸಿ, ವೈಸಿನ ದವಡೆಗಳ ನಡುವೆ ಬಿಗಿದರೆ ಇಬ್ಬರ ಮೇಲೂ ಬೀಳುವ ಭಾರ ಒಂದೇ. ಯಾವುದು ಹೆಚ್ಚು ಕುಗ್ಗುವುದೋ ಅದು ದುರ್ಬಲ. ಈ ತಕ್ಕಡಿಯಲ್ಲಿ ತೂಗಿದಾಗ ಹೆಚ್ಚಿನವು ಹೊಸದಕ್ಕಿಂತ ಕೂದಲೆಳೆಯಷ್ಟೇ ಸೋತುವು. ಆರನೆಯ ಹಾಗೂ ಎಂಟನೆಯ ವಾಲ್ವುಗಳ ಸುರುಳಿಗಳು ಮಾತ್ರ ಕಣ್ಣಿಗೆ ಕಾಣುವಷ್ಟು ಸೋತು ಕುಗ್ಗಿದುವು. ಎಂಟನೆಯದರ ಹೊರಸುರುಳಿಯ ಕೆಳಸುತ್ತಿನಲ್ಲಿ ಸೂಜಿಯ ಮೊನೆಯಷ್ಟು ತುಕ್ಕಿನ ಕುಳಿಯೂ ಇತ್ತು.

ಈ ಎರಡೇ ಏಕೆ? ನಾಲ್ಕು ಸಿಲಿಂಡರಿನ ಎಂಜಿನ್ನು ನಿಂತಾಗ ಪಿಸ್ಟನ್ನುಗಳು ಸಾಮಾನ್ಯವಾಗಿ ನಡುದಾರಿಯಲ್ಲಿ ನಿಲ್ಲುತ್ತವೆ. ಆಗ ಒಂದು ಸಿಲಿಂಡರು ಉಸಿರೆಳೆಯುವ ಘಟ್ಟದಲ್ಲೂ ಇನ್ನೊಂದು ಹೊಗೆಬಿಡುವ ಘಟ್ಟದಲ್ಲೂ ಇದ್ದು, ಆ ಎರಡರಲ್ಲಿ ಒಂದೊಂದು ವಾಲ್ವು ತೆರೆದೇ ಉಳಿಯುತ್ತದೆ. ಇದರ ದಹನಕ್ರಮವಾದ 1-3-4-2 ಅನ್ನು ಹಿಡಿದು ಲೆಕ್ಕಹಾಕಿದರೆ, ಒಂದನೆಯ ಸಿಲಿಂಡರು ಅನಿಲವನ್ನು ಒತ್ತುವ ಹೊತ್ತಿನಲ್ಲಿ ಮೂರನೆಯದರ ಒಳಬಾಗಿಲಾದ ಆರನೆಯ ವಾಲ್ವೂ, ನಾಲ್ಕನೆಯದರ ಹೊರಬಾಗಿಲಾದ ಎಂಟನೆಯ ವಾಲ್ವೂ ತೆರೆದಿರತಕ್ಕದ್ದು. ಕೊಡಗಿನ ಆ ಷೆಡ್ಡಿನಲ್ಲಿ ಈ ಎಂಜಿನ್ನು ಯಾವ ಭಂಗಿಯಲ್ಲಿ ನಿದ್ರಿಸಿತ್ತೆಂಬುದು ಸ್ಪಷ್ಟವಾಯಿತು. ಉಳಿದ ಸುರುಳಿಗಳೆಲ್ಲ ಹಿಗ್ಗಿ ವಿಶ್ರಮಿಸಿದ್ದಾಗ, ಈ ಎರಡು ಜೊತೆಗಳು ವರ್ಷಗಟ್ಟಲೆ ಅದುಮಿಸಿಕೊಂಡೇ ಇದ್ದುವು. ತೆರೆದ ಹೊರಬಾಗಿಲಿನ ಮೂಲಕ ಸೈಲೆನ್ಸರಿನ ದಾರಿಯಾಗಿ ಮಳೆಗಾಲದ ತೇವವೂ ಒಳಗೆ ಬಂದು ಕುಳಿತಿರಬೇಕು. ಈ ವಿವರಣೆಯನ್ನು ಕೇಳಿದ ಮೇಸ್ತ್ರಿಯವರು ಎಂಟನೆಯ ಸುರುಳಿಯನ್ನು ಬೆಳಕಿಗೆ ಹಿಡಿದು, ಆ ಕುಳಿಗೆ ಉಗುರು ಸಿಕ್ಕಿಸಿ ನೋಡಿ, “ಇದು ಹೋಗ್ತಿತ್ತು ಸಾರ್” ಎಂದು ಅದನ್ನು ಜೇಬಿಗೆ ಹಾಕಿಕೊಂಡರು. ತಮ್ಮ ಹುಡುಗರಿಗೆ ತೋರಿಸುವುದಕ್ಕಂತೆ.

ಹೊಸದನ್ನು ಕೂರಿಸುವುದರಲ್ಲಿ ಹೇಳತಕ್ಕ ವಿಶೇಷ ಸ್ವಲ್ಪವೇ. ವಾಲ್ವಿನ ಕಾಂಡಕ್ಕೆ ತೊಡಿಸುವ ರಬ್ಬರಿನ ಉಂಗುರಗಳನ್ನು ಮುಂಚಿತವಾಗಿ ಎಂಜಿನ್ ಎಣ್ಣೆಯಲ್ಲಿ ನೆನೆಯಿಟ್ಟಿರಬೇಕು. ಲಾಕುಗಳಿಗೆ ಚೂರು ಗ್ರೀಸು ಬಳಿದರೆ ಜಾರದೆ ಅಂಟಿಕೊಂಡಿರುತ್ತವೆ. ಹೆಡ್ಡನ್ನು ಮಗುಚಿ ಕೋಷ್ಠಗಳಲ್ಲಿ ಸೀಮೆಎಣ್ಣೆ ತುಂಬಿ, ಎಲ್ಲಿಯೂ ಜಿನುಗದೆಂದು ಖಾತರಿಪಡಿಸಿಕೊಂಡ ಮೇಲೆ ಹೊಸ ಗ್ಯಾಸ್ಕೆಟ್ಟಿನ ಮೇಲೆ ಇಳಿಸಿ, ನಟ್ಟುಗಳನ್ನು ನಡುವಿನಿಂದ ಹೊರಕ್ಕೆ ಸರದಿಯಂತೆ, ಪುಸ್ತಕ ಹೇಳುವ 50 ಪೌಂಡ್-ಅಡಿಯವರೆಗೆ ಬಿಗಿಯಬೇಕು.

ನನಗೆ ಪರಮಪ್ರಿಯವಾದ ಭಾಗ ಕೊನೆಯಲ್ಲಿ ಬರುವ ಟ್ಯಾಪೆಟ್ ಸೆಟ್ಟಿಂಗು. ರಾಕರುಗಳು ನಮ್ಮ ತೋಟದ ಏತಗಳಂತೆ, ಒಂದು ತುದಿ ಏರಿದರೆ ಇನ್ನೊಂದು ಇಳಿಯುವ ಸಾಧನಗಳು. ಅವುಗಳ ತುದಿಗೂ ವಾಲ್ವಿಗೂ ನಡುವೆ ಒಂದು ಅಂಗುಲದ ಸಾವಿರದಲ್ಲಿ ಹದಿನೈದು ಭಾಗ ಎಡೆ ಇರಬೇಕು. ಯಾವ ವಾಲ್ವನ್ನು ಯಾವಾಗ ಅಳೆಯಬೇಕೆಂಬುದಕ್ಕೆ ಒಂಬತ್ತರ ಸೂತ್ರವೆಂಬುದೊಂದುಂಟು: ಪೂರ್ತಿ ತೆರೆದಿರುವ ವಾಲ್ವಿನ ಸಂಖ್ಯೆಯನ್ನು ಒಂಬತ್ತರಿಂದ ಕಳೆದರೆ ಉಳಿಯುವ ಸಂಖ್ಯೆಯ ವಾಲ್ವು ಆಗ ಪೂರ್ತಿ ಮುಚ್ಚಿರುತ್ತದೆ. ಎಂಟು ತೆರೆದಾಗ ಒಂದನ್ನು, ಆರು ತೆರೆದಾಗ ಮೂರನ್ನು ಅಳೆಯಬೇಕು. ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಎಂಜಿನ್ನನ್ನು ಕೈಯಿಂದ ಮೆಲ್ಲನೆ ತಿರುಗಿಸುತ್ತ, ಫೀಲರ್ ಗೇಜಿನ ಎಲೆ ಎಣ್ಣೆಯ ನಡುವೆ ತುಸು ತಡೆದು ಜಾರುವ ಸ್ಪರ್ಶವನ್ನು ಬೆರಳಿಗೆ ಕಲಿಸುವುದರಲ್ಲಿ ಒಂದು ಅಪರಾಹ್ನವನ್ನು ಕಳೆಯುವುದು ಸಂಗೀತಗಾರನು ತಂಬೂರಿ ಶ್ರುತಿಮಾಡುವುದಕ್ಕಿಂತ ಕಡಿಮೆಯ ಸುಖವೆಂದು ಯಾರಾದರೂ ಹೇಳಿದರೆ ನಾನು ಒಪ್ಪುವವನಲ್ಲ.

ಇಷ್ಟೆಲ್ಲ ಮಾಡಿ ಕಾರನ್ನು ಓಡಿಸಿದಾಗ ಕಂಡ ವ್ಯತ್ಯಾಸವೇನೆಂದು ಕೇಳುವವರುಂಟು. ಏನೂ ಇಲ್ಲ. ಮುಂಚೆ ಹೇಗೆ ಓಡುತ್ತಿತ್ತೋ ಈಗಲೂ ಹಾಗೆಯೇ ಓಡುತ್ತದೆ; ಅದಕ್ಕಾಗಿಯೇ ಇಷ್ಟು ಶ್ರಮ.

ಹಳೆಯ ಕಾರನ್ನು ಷೆಡ್ಡಿನಲ್ಲಿ ನಿಲ್ಲಿಸಿಟ್ಟಿರುವ ಮಹನೀಯರಲ್ಲಿ ನನ್ನದೊಂದು ವಿಜ್ಞಾಪನೆ. ಚಾಲೂ ಮಾಡುವಷ್ಟು ಪುರಸೊತ್ತಿಲ್ಲದಿದ್ದರೆ ಚಿಂತೆಯಿಲ್ಲ. ತಿಂಗಳಿಗೊಮ್ಮೆಯಾದರೂ ಪ್ಲಗ್ಗುಗಳನ್ನು ಬಿಚ್ಚಿ ಎಂಜಿನ್ನನ್ನು ಕೈಯಿಂದ ಒಂದಿಷ್ಟು ತಿರುಗಿಸಿ, ಹಿಂದಿನ ಸಲ ನಿಂತ ಜಾಗದಲ್ಲೇ ಪುನಃ ನಿಲ್ಲದಂತೆ ನೋಡಿಕೊಳ್ಳಿ. ಬಹುಕಾಲ ನಿಂತದ್ದನ್ನು ಎಬ್ಬಿಸುವುದಾದರೆ, ಬಣ್ಣಕ್ಕೂ ಚರ್ಮದ ಆಸನಕ್ಕೂ ಹಣ ಸುರಿಯುವ ಮೊದಲು ಸ್ಪ್ರಿಂಗುಗಳನ್ನು ಬದಲಿಸಿ. ಬದಲಿಸುವಾಗ ಕೆಟ್ಟ ಒಂದೆರಡನ್ನು ಮಾತ್ರ ಆರಿಸುವ ಜಿಪುಣತನ ಬೇಡ, ಹದಿನಾರನ್ನೂ ಬದಲಿಸಿ.