ಇಳಿಯುವುದಕ್ಕಾಗಿ ಏರಿದವರು

ಪರ್ವತಾರೋಹಣದ ಕಥನಗಳಲ್ಲಿ ಆರೋಹಣಕ್ಕೆ ಸಲ್ಲುವ ಗೌರವ ಅವರೋಹಣಕ್ಕೆ ಸಲ್ಲುವುದಿಲ್ಲ. ಶಿಖರಾಗ್ರದಲ್ಲಿ ಬಾವುಟ ಹಿಡಿದು ನಿಂತವನ ಚಿತ್ರವನ್ನು ಲೋಕವೆಲ್ಲ ನೋಡುತ್ತದೆ. ಸೋತ ಕಾಲುಗಳಿಂದ ಇಳಿದು ಬರುವವನನ್ನು ಗಮನಿಸುವವರು ವಿರಳ. ಜಪಾನಿನ ಯುಯಿಚಿರೊ ಮಿಯುರಾ ಅವರಾದರೋ 1970ರಲ್ಲಿ ಎವರೆಸ್ಟನ್ನು ಏರತೊಡಗಿದ್ದೇ ಇಳಿಯುವುದಕ್ಕಾಗಿ. ಸ್ಕೀ ಎಂಬ ನೀಳ ಜಾರುಪಟ್ಟಿಗಳನ್ನು ಕಾಲಿಗೆ ಕಟ್ಟಿಕೊಂಡು, ವೇಗ ತಗ್ಗಿಸಲು ಬೆನ್ನಿಗೊಂದು ಪ್ಯಾರಾಶೂಟ್ ಬಿಗಿದುಕೊಂಡು, ಹಿಮದ ಗೋಡೆಯ ಮೇಲೆ ಜಾರಿ ಬರಬೇಕೆಂಬುದು ಅವರ ಸಂಕಲ್ಪ. ಆಗ ಅವರಿಗೆ 37 ವರ್ಷ.

ಆ ಸಂಕಲ್ಪದ ಹೊರೆಯನ್ನು ಹೊತ್ತವರು ಬೇರೆಯವರು. ಏಪ್ರಿಲ್ ತಿಂಗಳಲ್ಲಿ ಖುಂಬು ಹಿಮಪ್ರಪಾತದಲ್ಲಿ ನೀರ್ಗಲ್ಲು ಕುಸಿದು, ಅದೇ ತಂಡಕ್ಕಾಗಿ ದುಡಿಯುತ್ತಿದ್ದ ಆರು ಮಂದಿ ಶೆರ್ಪಾಗಳು ಅಸುನೀಗಿದರು. ಅವರಾರಿಗೂ ಜಾರುವ ಹಂಬಲವಿರಲಿಲ್ಲ. ಅವರದು ದಿನದ ಕಾಯಕ. ಯಾತ್ರೆ ನಿಲ್ಲಲಿಲ್ಲ. ನಿಲ್ಲಬೇಕಿತ್ತೇ ಎಂಬ ಪ್ರಶ್ನೆಯನ್ನು ಸಾಹಸದ ಬೆರಗು ಮರೆಸಬಾರದು.

ಮೇ 6ರಂದು ಮಿಯುರಾ ದಕ್ಷಿಣ ಕಣಿವೆಯ ಬಳಿಯಿಂದ, ಸುಮಾರು 7,900 ಮೀಟರ್ ಎತ್ತರದಿಂದ, ಹೊರಟರು. ಶಿಖರದಿಂದಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಶಿಖರಾಗ್ರದಿಂದ ಬುಡದ ಶಿಬಿರದವರೆಗೆ ಸ್ಕೀಯಿಂಗ್ ಮಾಡಿ ಇಳಿದವರು ಸ್ಲೊವೇನಿಯಾದ ದಾವೊ ಕಾರ್ನಿಚಾರ್, 2000ದ ಅಕ್ಟೋಬರಿನಲ್ಲಿ. ಮಿಯುರಾ ಅವರ ಪ್ಯಾರಾಶೂಟ್ ಬಿಚ್ಚಿಕೊಂಡಿತು, ಆದರೆ ಅಷ್ಟು ತೆಳುವಾದ ಗಾಳಿ ಅವರನ್ನು ಹಿಡಿದು ನಿಲ್ಲಿಸದಾಯಿತು. ಹಿಮವೂ ಅಲ್ಲಿ ಹಿಮವಲ್ಲ, ಕಲ್ಲಿನಷ್ಟು ಗಟ್ಟಿಯಾದ ನೀರ್ಗಲ್ಲು. ಎರಡು ನಿಮಿಷ ಇಪ್ಪತ್ತು ಸೆಕೆಂಡುಗಳಲ್ಲಿ ಸುಮಾರು 2,000 ಮೀಟರ್ ಜಾರಿದವರು ಸಮತೋಲನ ತಪ್ಪಿ ಬಿದ್ದರು. ಮುಂದಿನ 400 ಮೀಟರ್ ದೂರವನ್ನು ಅವರು ಕ್ರಮಿಸಿದ್ದು ಸ್ಕೀ ಪಟುವಾಗಿ ಅಲ್ಲ, ಉರುಳುವ ಒಂದು ವಸ್ತುವಾಗಿ. ಕಲಿತ ವಿದ್ಯೆ, ತೊಟ್ಟ ಸಲಕರಣೆ ಯಾವುದೂ ಅಲ್ಲಿ ನೆರವಾಗಲಿಲ್ಲ. ಆಳವಾದ ಹಿಮಬಿರುಕಿನ ಅಂಚಿಗೆ ಸುಮಾರು 75 ಮೀಟರ್ ಉಳಿದಿರುವಾಗ ದೇಹ ನಿಂತಿತು. ನಿಲ್ಲಿಸಿದವರು ಅವರಲ್ಲ.

ಈ ಯಾತ್ರೆಯ ಸಾಕ್ಷ್ಯಚಿತ್ರಕ್ಕೆ 1976ರಲ್ಲಿ ಆಸ್ಕರ್ ದೊರೆಯಿತು. ‘ಎವರೆಸ್ಟಿನಿಂದ ಸ್ಕೀಯಿಂಗ್ ಮಾಡಿ ಇಳಿದ ಮನುಷ್ಯ’ ಎಂಬುದು ಅದರ ಹೆಸರಿನ ಅರ್ಥ. ಹೆಸರಿನಲ್ಲಿ ಒಬ್ಬನೇ ಮನುಷ್ಯನಿಗೆ ಸ್ಥಳವಿತ್ತು.

ಮಿಯುರಾ ಮರಳಿ ಅದೇ ಪರ್ವತಕ್ಕೆ ಬಂದರು. 70ರ ವಯಸ್ಸಿನಲ್ಲಿ, 75ರಲ್ಲಿ, ಕೊನೆಗೆ 2013ರ ಮೇ 23ರಂದು 80ರ ಇಳಿವಯಸ್ಸಿನಲ್ಲಿ ನಡೆದೇ ಶಿಖರ ಮುಟ್ಟಿದರು. ಆದರೆ ಆ ಸಲ ಇಳಿಯುವಾಗ ಮೈಯಲ್ಲಿ ಕಸುವು ಉಳಿದಿರಲಿಲ್ಲ. ಸುಮಾರು 6,500 ಮೀಟರ್ ಎತ್ತರದ ಶಿಬಿರದಿಂದ ಅವರನ್ನು ಹೆಲಿಕಾಪ್ಟರಿನಲ್ಲಿ ಕರೆತರಲಾಯಿತು. ಆ ಶಿಬಿರದ ಕೆಳಗಿರುವುದು ಖುಂಬು ಹಿಮಪ್ರಪಾತ. ದಿನಕ್ಕೆ ಒಂದು ಮೀಟರಿನಷ್ಟು ತಾನೇ ಇಳಿಯುತ್ತ, 43 ವರ್ಷಗಳ ಹಿಂದಿನ ನೀರ್ಗಲ್ಲುಗಳನ್ನು ಎಂದೋ ಕೆಳಗೆ ಸಾಗಿಸಿಬಿಟ್ಟಿತ್ತು ಅದು.